ಮಳೆಗೆ ಇಂಚು, ಸೆಂಟು, ನೆಟ್ಟಿಗೆ?

ಜೂನ್ ತಿಂಗಳಲ್ಲಿ ಕೊಡಗಿನ ಇಬ್ಬರು ಕಾಫಿ ಬೆಳೆಗಾರರು ಫೋನಿನಲ್ಲಿ ಮಾತಿಗೆ ಸಿಕ್ಕರೆ ಮೊದಲು ಕೇಳುವುದು ಆರೋಗ್ಯವನ್ನಲ್ಲ. ‘ನಿಮ್ಮಲ್ಲಿ ಎಷ್ಟು?’ ‘ಎರಡು ಇಂಚು ಹತ್ತು. ನಿಮ್ಮಲ್ಲಿ?’ ‘ನಮ್ಮಲ್ಲಿ ಒಂದು ಎಂಬತ್ತೇ.’ ಏನು ಎಷ್ಟು ಎಂದು ಬಿಡಿಸಿ ಹೇಳಬೇಕಿಲ್ಲ. ಹವಾಮಾನ ಇಲಾಖೆ ಮಿಲಿಮೀಟರಿನಲ್ಲಿ ಹೇಳಿದರೂ ತೋಟದ ಲೆಕ್ಕ ಇಂಚಿನಲ್ಲೇ. ಇಂಚಿನ ನೂರನೇ ಒಂದು ಭಾಗ ಸೆಂಟ್. ಫೆಬ್ರುವರಿ, ಮಾರ್ಚಿನ ಹೂಮಳೆಯಲ್ಲಂತೂ ನಲವತ್ತು ಸೆಂಟೋ ಎಂಬತ್ತೋ ಎಂಬುದರ ಮೇಲೆ ಆ ವರ್ಷದ ರೊಬಸ್ಟಾ ನಿಂತಿರುತ್ತದೆ.

ಆಮೇಲೆ ಬರುವ ಪ್ರಶ್ನೆ ಈಚಿನದು. ‘ನೆಟ್ ಉಂಟಾ?’ ಇದಕ್ಕೆ ಉತ್ತರ ಮೂರೇ ಬಗೆ: ಉಂಟು, ಇಲ್ಲ, ಬಂದು ಹೋಗಿ ಮಾಡ್ತಾ ಉಂಟು. ಪುಕ್ಕಟೆ ಬೀಳುವ ನೀರನ್ನು ಎರಡು ದಶಮಾಂಶದವರೆಗೆ ಅಳೆದು ಪುಸ್ತಕದಲ್ಲಿ ಬರೆದಿಡುವ ನಾವು, ತಿಂಗಳು ತಿಂಗಳು ದುಡ್ಡು ಕಟ್ಟಿ ತರಿಸಿಕೊಳ್ಳುವ ನೆಟ್ಟನ್ನು ಮಾತ್ರ ಅಳೆಯುವ ಗೋಜಿಗೇ ಹೋಗಿಲ್ಲ.

ನಮ್ಮ ಮನೆಯ ಮಳೆಮಾಪಕ ಕಣದ ಅಂಚಿನಲ್ಲಿದೆ. ಐದಿಂಚು ಬಾಯಿಯ ಫನಲ್, ಒಳಗೊಂದು ಡಬ್ಬ, ಅಳೆಯಲು ಗೀಟು ಹಾಕಿದ ಗಾಜಿನ ಲೋಟ. ಅಪ್ಪ ಬೆಳಿಗ್ಗೆ ಎಂಟೂವರೆಗೆ ಕೊಡೆ ಹಿಡಿದು ಹೋಗಿ, ನೀರನ್ನು ಲೋಟಕ್ಕೆ ಬಗ್ಗಿಸಿ, ಲೋಟವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡುತ್ತಿದ್ದರು. ಬಗ್ಗಿ ನೋಡಿದರೆ ಎರಡು ಸೆಂಟ್ ತಪ್ಪುತ್ತದೆ ಎಂಬುದು ಅವರ ವಾದ. ಮಾಪಕ ಮರದಡಿ ಇರಬಾರದು, ಎಲೆಯ ಹನಿ ಸೇರುತ್ತದೆ. ಮಾಡಿನ ಪಕ್ಕ ಇರಬಾರದು, ಎರಚಲು ಸೇರುತ್ತದೆ. ದಿನಾ ಅದೇ ಜಾಗ, ಅದೇ ಹೊತ್ತು, ಅವತ್ತೇ ಬರೆಯಬೇಕು. ಮಳೆ ಅಳೆಯುವ ವಿದ್ಯೆ ಇಷ್ಟೇ. ನೆಟ್ ಅಳೆಯುವ ವಿದ್ಯೆಯೂ ಬಹುಪಾಲು ಇಷ್ಟೇ ಎಂದು ನನಗೆ ಗೊತ್ತಾಗಿದ್ದು ತಡವಾಗಿ.

ಗೊತ್ತಾದ ಬಗೆ ಹೀಗೆ. ಮನೆಗೆ 100 ಎಂಬಿಪಿಎಸ್ ಪ್ಲಾನಿನ ಫೈಬರ್ ಹಾಕಿಸಿದ್ದೆ. ಯಾವ ಕಂಪನಿ ಎಂಬುದು ಇಲ್ಲಿ ಮುಖ್ಯವಲ್ಲ. ಹಗಲೆಲ್ಲ ಚೆನ್ನಾಗಿರುತ್ತಿದ್ದ ನೆಟ್ ರಾತ್ರಿ ಎಂಟಾಯಿತೆಂದರೆ ಉಬ್ಬಸ ಹಿಡಿದಂತೆ ಆಡುತ್ತಿತ್ತು. ಬೆಂಗಳೂರಿನಲ್ಲಿರುವ ಮಗಳ ಮುಖ ವಿಡಿಯೊ ಕಾಲಿನಲ್ಲಿ ಬಾಯಿ ತೆರೆದಲ್ಲೇ ನಿಲ್ಲುತ್ತಿತ್ತು. ಮೂರು ಸಲ ದೂರು ಕೊಟ್ಟ ಮೇಲೆ ಒಂದು ದಿನ ಬೆಳಿಗ್ಗೆ ಹನ್ನೊಂದಕ್ಕೆ ಹುಡುಗನೊಬ್ಬ ಬಂದ. ರೌಟರಿನಿಂದ ಎರಡಡಿ ದೂರದಲ್ಲಿ ನಿಂತು ಫೋನಿನಲ್ಲಿ ಸ್ಪೀಡ್ ಟೆಸ್ಟ್ ಹಾಕಿದ. ಮುಳ್ಳು ತೊಂಬತ್ತು ದಾಟಿತು. ‘ನೋಡಿ ಸಾರ್, ಫುಲ್ ಬರ್ತಾ ಉಂಟು.’ ಸಹಿ ಹಾಕಿಸಿಕೊಂಡು ಹೋದ. ಅವತ್ತು ರಾತ್ರಿ ಎಂಟಕ್ಕೆ ಮಗಳ ಬಾಯಿ ಮತ್ತೆ ತೆರೆದೇ ನಿಂತಿತು.

ಹುಡುಗ ಸುಳ್ಳು ಹೇಳಿರಲಿಲ್ಲ. ಅವನ ಫೋನೂ ಹೇಳಿರಲಿಲ್ಲ. ನಾನು ಕೇಳಿದ್ದು ಒಂದು, ಅವನು ಅಳೆದದ್ದು ಇನ್ನೊಂದು.

ಒಂದು ಮಾತಿನಲ್ಲಿ ಮೂರು ಲೆಕ್ಕ

‘ಸ್ಪೀಡ್’ ಎಂಬ ಮಾತೇ ಮೊದಲು ದಾರಿ ತಪ್ಪಿಸುತ್ತದೆ. 10 ಎಂಬಿಪಿಎಸ್ ಪ್ಲಾನಿನವನ ಗಾಜಿನೆಳೆಯಲ್ಲೂ 100ರವನ ಎಳೆಯಲ್ಲೂ ಬೆಳಕು ಓಡುವುದು ಒಂದೇ ವೇಗದಲ್ಲಿ, ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಹೆಚ್ಚುಕಮ್ಮಿ ಆಗುವುದು ಒಂದು ಸೆಕೆಂಡಿನಲ್ಲಿ ಎಷ್ಟು ಬಿಟ್ ತುರುಕಬಹುದು ಎಂಬುದು ಮಾತ್ರ. ಅದಕ್ಕೇ ಬಲ್ಲವರು ವೇಗ ಎನ್ನದೆ ಬ್ಯಾಂಡ್‌ವಿಡ್ತ್ ಎನ್ನುತ್ತಾರೆ. ಅದು ಅಗಲದ ಮಾತು, ಓಟದ ಮಾತಲ್ಲ. (ಇನ್ನೊಂದು ಎಡವಟ್ಟು ಇಲ್ಲೇ ಹೇಳಿಬಿಡುತ್ತೇನೆ. ಕಂಪನಿಯವರು ಮಾರುವುದು ಬಿಟ್ ಲೆಕ್ಕದಲ್ಲಿ, ಡೌನ್‌ಲೋಡ್ ಆಗುವಾಗ ಕಂಪ್ಯೂಟರ್ ತೋರಿಸುವುದು ಸಾಮಾನ್ಯವಾಗಿ ಬೈಟ್ ಲೆಕ್ಕದಲ್ಲಿ. ಎಂಟು ಬಿಟ್‌ಗೆ ಒಂದು ಬೈಟ್. 100 ಎಂಬಿಪಿಎಸ್‌ನಲ್ಲಿ ಸೆಕೆಂಡಿಗೆ 12 ಎಂಬಿ ಇಳಿದರೆ ಮೋಸವೇನೂ ಆಗಿಲ್ಲ.)

ಆ ಅಗಲದಲ್ಲೂ ಮೂರು ಲೆಕ್ಕವಿದೆ. ತಂತಿಯ ಒಟ್ಟು ಸಾಮರ್ಥ್ಯ ಒಂದು. ಬೇರೆಯವರು ಬಳಸಿ ಈ ಹೊತ್ತಿನಲ್ಲಿ ಮಿಕ್ಕಿರುವ ಜಾಗ ಇನ್ನೊಂದು. ಇದಕ್ಕೆ ಲಭ್ಯ ಬ್ಯಾಂಡ್‌ವಿಡ್ತ್ ಎಂದು ಹೆಸರು. ಆ ಜಾಗದಲ್ಲಿ ನಿಮ್ಮ ಕಡತ ನಿಜಕ್ಕೂ ಎಷ್ಟು ಹರಿಯಿತು ಎಂಬುದು ಮೂರನೆಯದು. ಕಂಪನಿ ಮಾರುವುದು ಮೊದಲನೆಯದನ್ನು, ಅದೂ ನಿಮ್ಮ ಮನೆಯಿಂದ ಅವರ ಪೆಟ್ಟಿಗೆವರೆಗಿನದನ್ನು. ಮಗಳ ಮುಖ ನಿಂತಿದ್ದು ಎರಡನೆಯದರ ಕೊರತೆಯಿಂದ.

ಬೆಂಗಳೂರಿನಿಂದ ಮಡಿಕೇರಿಗೆ ಶುಕ್ರವಾರ ಸಂಜೆ ಹೊರಟವರಿಗೆ ಇದು ಬೇಗ ಅರ್ಥವಾಗುತ್ತದೆ. ದಾರಿಯಲ್ಲಿ ಅತ್ಯಂತ ಕಿರಿದಾದ ಜಾಗ ಕುಶಾಲನಗರ ದಾಟಿದ ಮೇಲಿನ ತಿರುವುಗಳಲ್ಲಿ ಎಲ್ಲೋ ಇರಬಹುದು. ಆದರೆ ಗಾಡಿ ಒಂದು ಗಂಟೆ ನಿಂತದ್ದು ಅಲ್ಲಲ್ಲ, ಬೆಂಗಳೂರು ಬಿಡುವ ಮುಂಚೆ, ಆರು ಸಾಲಿನ ಅಗಲ ರಸ್ತೆಯಲ್ಲಿ. ಕಿರಿದಾದ ಜಾಗ ಬೇರೆ, ಇಕ್ಕಟ್ಟಾದ ಜಾಗ ಬೇರೆ. ನೆಟ್‌ವರ್ಕ್ ಸಂಶೋಧಕರೂ ಇವೆರಡಕ್ಕೆ ಬೇರೆ ಬೇರೆ ಹೆಸರಿಟ್ಟಿದ್ದಾರೆ. 20 ಎಂಬಿಪಿಎಸ್‌ನ ಸಣ್ಣ ಕೊಂಡಿಯಲ್ಲಿ ಹತ್ತನೇ ಒಂದು ಪಾಲು ಮಾತ್ರ ಬಳಕೆಯಲ್ಲಿದ್ದರೆ 18 ಮಿಕ್ಕಿದೆ. 100ರ ದೊಡ್ಡ ಕೊಂಡಿಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಬಳಕೆಯಾಗಿದ್ದರೆ 10 ಮಿಕ್ಕಿದೆ. ದಾರಿಯ ಯೋಗ್ಯತೆ ಆ ಹೊತ್ತಿಗೆ 10. ನೀವು ದುಡ್ಡು ಸುರಿದು 20ರ ಕೊಂಡಿಯನ್ನು 200 ಮಾಡಿಸಿದರೂ ದಾರಿಯ ಯೋಗ್ಯತೆ 10ರಲ್ಲೇ ಇರುತ್ತದೆ. ‘ದೊಡ್ಡ ಪ್ಲಾನ್ ತಗೊಳ್ಳಿ ಸಾರ್’ ಎಂಬ ಸಲಹೆ ಎಷ್ಟೋ ಸಲ ಕೆಲಸಕ್ಕೆ ಬಾರದಿರುವುದು ಇದರಿಂದ.

ಇನ್ನೂ ಒಂದು ಸೂಕ್ಷ್ಮ ಇದೆ, ನನಗೆ ಎಲ್ಲಕ್ಕಿಂತ ರುಚಿಸಿದ್ದು ಅದೇ. ಯಾವುದೇ ಒಂದು ಕ್ಷಣವನ್ನು ಹಿಡಿದು ನೋಡಿದರೆ ತಂತಿ ಒಂದೋ ತುಂಬಿದೆ, ಇಲ್ಲವೇ ಖಾಲಿ ಇದೆ. ಅರ್ಧ ತುಂಬಿದ ತಂತಿ ಎಂಬುದೇ ಇಲ್ಲ. ನೆಟ್ಟಿನಲ್ಲಿ ಮಾಹಿತಿ ಸಾಗುವುದು ಪ್ಯಾಕೆಟ್ ಎಂಬ ಸಣ್ಣ ಸಣ್ಣ ತುಂಡುಗಳಾಗಿ. ಒಂದು ಪ್ಯಾಕೆಟ್ ಹೋಗುತ್ತಿದ್ದರೆ ತಂತಿ ಪೂರ್ತಿ ಅದರದು, ಹೋಗದಿದ್ದರೆ ಯಾರದೂ ಅಲ್ಲ. ಹಾಗಾದರೆ ‘ಅರ್ಧ ಮಿಕ್ಕಿದೆ’ ಎಂದರೇನು? ಒಂದು ಸೆಕೆಂಡೋ ಹತ್ತು ಸೆಕೆಂಡೋ ನೋಡುತ್ತ ಕುಳಿತರೆ ಅದರಲ್ಲಿ ಅರ್ಧ ಹೊತ್ತು ತಂತಿ ಸುಮ್ಮನಿತ್ತು ಎಂದರ್ಥ. ಮಳೆಯೂ ಹೀಗೇ. ‘ಈ ಕ್ಷಣ ಎಷ್ಟು ಇಂಚು ಬೀಳುತ್ತಿದೆ’ ಎಂದು ಕೇಳಿದರೆ ಅಪ್ಪ ನಗುತ್ತಿದ್ದರು. ಎಷ್ಟು ಹೊತ್ತಿನಲ್ಲಿ ಎಂದು ಹೇಳದೆ ಇಂಚಿಗೆ ಅರ್ಥವಿಲ್ಲ. 2008ರಲ್ಲಿ ಇಂಟರ್‌ನೆಟ್ಟಿನ ಮಾನಕಗಳನ್ನು ಬರೆಯುವವರು ಲಭ್ಯ ಸಾಮರ್ಥ್ಯಕ್ಕೆ ವ್ಯಾಖ್ಯೆ ಕೊಟ್ಟಾಗಲೂ ಕಾಲಾವಧಿಯನ್ನು ಸೇರಿಸಿಯೇ ಕೊಟ್ಟರು. ಸ್ಪೀಡ್ ಟೆಸ್ಟ್ ಮುಗಿದ ಮೇಲೆ ಪರದೆಯಲ್ಲಿ ಉಳಿಯುವ ದಪ್ಪಕ್ಷರದ ಅಂಕಿ ಆ ಹದಿನೈದು ಸೆಕೆಂಡಿನ ಅಂಕಿ. ಅದನ್ನು ಇಡೀ ತಿಂಗಳಿನದೆಂದು ಓದುವುದು, ಒಂದು ಜಡಿಮಳೆ ನೋಡಿ ವರ್ಷದ ಇಂಚು ಹೇಳಿದಂತೆ.

ಹಲಸಿನ ಹಣ್ಣು ತಟ್ಟುವುದು

ಕೊಂಡಿಯ ಒಡೆಯನಿಗೆ ಅದರ ಬಳಕೆ ಗೊತ್ತಿರುತ್ತದೆ. ಅವನ ರೌಟರಿನಲ್ಲಿ ಲೆಕ್ಕ ಓಡುತ್ತಲೇ ಇರುತ್ತದೆ. ನಮಗೆ ಅದನ್ನು ತೋರಿಸುವುದಿಲ್ಲ. ತೋರಿಸಿದರೂ ಸಾಲದು. ನಾಪೋಕ್ಲಿನ ಒಂದು ಮನೆಯಿಂದ ಅಮೆರಿಕದ ಒಂದು ಕಂಪ್ಯೂಟರಿಗೆ ಹೋಗುವ ಮಾತು ನಾಲ್ಕಾರು ಒಡೆಯರ ಹದಿನೈದಿಪ್ಪತ್ತು ಕೊಂಡಿಗಳನ್ನು ಹಾಯುತ್ತದೆ. ಎಲ್ಲರ ಪುಸ್ತಕವನ್ನೂ ತೆರೆಸಲು ಆಗುವುದಿಲ್ಲ. ಹೊರಗಿನಿಂದಲೇ ಒಳಗಿನದನ್ನು ತಿಳಿಯಬೇಕು, ಹಲಸಿನ ಹಣ್ಣು ತಟ್ಟಿ ನೋಡುವ ಹಾಗೆ.

ತಟ್ಟುವ ಮೊದಲ ಸಾಧನ ಪಿಂಗ್. ಅಮೆರಿಕದ ಸೈನ್ಯದ ಪ್ರಯೋಗಾಲಯದಲ್ಲಿದ್ದ ಮೈಕ್ ಮೂಸ್ 1983ರ ಡಿಸೆಂಬರಿನಲ್ಲಿ ಬರೆದದ್ದು. ಒಂದು ಪುಟ್ಟ ಪ್ಯಾಕೆಟ್ ಕಳಿಸಿ ಅದು ಮರಳಿ ಬರಲು ಎಷ್ಟು ಹೊತ್ತಾಯಿತು ಎಂದು ಹೇಳುತ್ತದೆ, ಅಷ್ಟೇ. ಅಗಲದ ಬಗ್ಗೆ ನೇರವಾಗಿ ಏನೂ ಹೇಳುವುದಿಲ್ಲ. ಆದರೂ ಅದನ್ನು ಕಡೆಗಣಿಸಬೇಡಿ, ಮುಂದೆ ಬೇಕಾಗುತ್ತದೆ.

ಅಳತೆ ತುರ್ತಾದದ್ದು 1986ರ ಅಕ್ಟೋಬರಿನಲ್ಲಿ. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವೆ 400 ಗಜ ದೂರ. ನಮ್ಮ ಮಡಿಕೇರಿ ಕೋಟೆಯಿಂದ ರಾಜಾಸೀಟಿಗೆ ನಡೆಯುವಷ್ಟೂ ಇಲ್ಲ. ಸೆಕೆಂಡಿಗೆ 32,000 ಬಿಟ್ ಸಾಗುತ್ತಿದ್ದ ಆ ದಾರಿಯಲ್ಲಿ ಏಕಾಏಕಿ 40 ಬಿಟ್ ಸಾಗತೊಡಗಿತು. ಎಂಟುನೂರನೇ ಒಂದು ಪಾಲು. ತಂತಿ ಕಡಿದಿರಲಿಲ್ಲ, ಯಂತ್ರ ಕೆಟ್ಟಿರಲಿಲ್ಲ. ದಾರಿ ಇಕ್ಕಟ್ಟಾಯಿತೆಂದು ಪ್ಯಾಕೆಟ್‌ಗಳು ತಡವಾದವು; ತಡವಾದವೆಂದು ಕಂಪ್ಯೂಟರುಗಳು ಅವನ್ನೇ ಮತ್ತೆ ಕಳಿಸಿದವು; ಮತ್ತೆ ಕಳಿಸಿದ್ದರಿಂದ ಇನ್ನಷ್ಟು ಇಕ್ಕಟ್ಟಾಯಿತು. ಇದರ ಬೆನ್ನು ಹತ್ತಿದ ವ್ಯಾನ್ ಜೇಕಬ್ಸನ್, ಮೈಕೆಲ್ ಕೇರಲ್ಸ್ ಜೊತೆ ಸೇರಿ 1988ರಲ್ಲಿ ಪರಿಹಾರ ಪ್ರಕಟಿಸಿದರು. ಮೆಲ್ಲಗೆ ಆರಂಭಿಸು, ಹೋದದ್ದಕ್ಕೆ ಉತ್ತರ ಬಂದಷ್ಟೂ ಏರಿಸು, ಕಳೆದುಹೋದರೆ ತಟ್ಟನೆ ಇಳಿಸು. ನಾವೆಲ್ಲ ಇವತ್ತು ಬಳಸುವ ನೆಟ್ ಕುಸಿಯದೆ ನಿಂತಿರುವುದು ಈ ವಿನಯದ ಮೇಲೆ. ಪ್ರತಿ ಫೋನೂ ಪ್ರತಿ ಕ್ಷಣವೂ ಮಿಕ್ಕಿರುವ ಜಾಗವನ್ನು ತಡಕಾಡುತ್ತಲೇ ಇದೆ.

1991ರಲ್ಲಿ ಎಸ್. ಕೇಶವ್ ಒಂದು ಸೊಗಸಾದ ಉಪಾಯ ಮುಂದಿಟ್ಟರು. ದೆಹಲಿ ಐಐಟಿಯಲ್ಲಿ ಓದಿ ಬರ್ಕ್ಲಿಗೆ ಹೋಗಿದ್ದವರು. ಎರಡು ಪ್ಯಾಕೆಟ್‌ಗಳನ್ನು ಬೆನ್ನಿಗೆ ಬೆನ್ನು ತಾಗಿಸಿ ಬಿಡಿ. ಕಿರಿದಾದ ಕೊಂಡಿಯಲ್ಲಿ ಮೊದಲನೆಯದು ಪೂರ್ತಿ ದಾಟುವವರೆಗೆ ಎರಡನೆಯದು ಕಾಯಬೇಕು. ದಾಟಿದ ಮೇಲೆ ಎರಡರ ನಡುವೆ ಒಂದು ಅಂತರ ಬಿದ್ದಿರುತ್ತದೆ. ಮುಂದೆ ದಾರಿ ಎಷ್ಟೇ ಅಗಲವಾಗಲಿ, ಆ ಅಂತರ ಮುಚ್ಚುವುದಿಲ್ಲ. ಕಾಫಿ ಕೊಯ್ಲಿನ ಸಂಜೆ ತೂಕದ ಮುಂದೆ ಇದನ್ನು ದಿನಾ ನೋಡಬಹುದು. ಇಬ್ಬರು ಒಟ್ಟಿಗೇ ಚೀಲ ಹೊತ್ತು ಬರುತ್ತಾರೆ. ರೈಟರು ಒಂದು ಚೀಲ ತೂಗಿ ಬರೆಯಲು ಒಂದು ನಿಮಿಷ ಬೇಕು. ಲೈನ್ ಮನೆ ಕಡೆಗೆ ಹೋಗುವಾಗ ಇಬ್ಬರ ನಡುವೆ ಒಂದು ನಿಮಿಷದ ದಾರಿ. ತೂಕದ ಜಾಗವನ್ನು ನೋಡದವನೂ ಆ ಅಂತರ ನೋಡಿ ಗಂಟೆಗೆ ಅರವತ್ತು ಚೀಲ ಎಂದು ಹೇಳಬಹುದು. ಪ್ಯಾಕೆಟ್ಟಿನ ಲೆಕ್ಕವೂ ಅಷ್ಟೇ ನೇರ: 1,500 ಬೈಟ್ ಎಂದರೆ 12,000 ಬಿಟ್. ಅಂತರ 1.2 ಮಿಲಿಸೆಕೆಂಡ್ ಬಂದರೆ ಕೊಂಡಿ 10 ಎಂಬಿಪಿಎಸ್‌ನದು. 0.12 ಬಂದರೆ 100ರದು.

ಆದರೆ ಇಬ್ಬರ ನಡುವೆ ಮೂರನೆಯವಳೊಬ್ಬಳು ಚೀಲ ತಂದು ನುಗ್ಗಿಸಿದರೆ ಲೆಕ್ಕ ತಪ್ಪಿತು. ನೆಟ್ಟಿನಲ್ಲಿ ಹಾಗೆ ನುಗ್ಗುವವರು ಯಾವಾಗಲೂ ಇದ್ದೇ ಇರುತ್ತಾರೆ. ಮೇಲಾಗಿ ಇದು ಹೇಳುವುದು ಒಟ್ಟು ಸಾಮರ್ಥ್ಯವನ್ನು, ಮಿಕ್ಕಿದ್ದನ್ನಲ್ಲ. ಮಿಕ್ಕಿದ್ದನ್ನು ಅಳೆಯಲು 1996ರಿಂದಲೇ ಪ್ರಯತ್ನಗಳಿದ್ದರೂ ಗಟ್ಟಿ ದಾರಿ ತೋರಿದ್ದು 2002ರಲ್ಲಿ ಮನೀಶ್ ಜೈನ್ ಮತ್ತು ಕಾನ್‌ಸ್ಟಾಂಟಿನೋಸ್ ಡೊವ್ರೊಲಿಸ್ ಮಾಡಿದ ಪಾತ್‌ಲೋಡ್.

ಅದನ್ನು ತಿಳಿಯಲು ಅಡುಗೆಮನೆಗೆ ಬನ್ನಿ. ಕಾಫಿ ಫಿಲ್ಟರಿನ ಮೇಲಿನ ಪಾತ್ರೆಗೆ ಪುಡಿ ಹಾಕಿ, ಒತ್ತಿ, ಬಿಸಿನೀರು ಬಗ್ಗಿಸುತ್ತೀರಿ. ಇಳಿಯುವ ವೇಗಕ್ಕಿಂತ ನಿಧಾನವಾಗಿ ಬಗ್ಗಿಸಿದರೆ ನೀರು ನಿಲ್ಲುವುದೇ ಇಲ್ಲ. ಅದಕ್ಕಿಂತ ಜೋರಾಗಿ ಬಗ್ಗಿಸಿದರೆ ಮಟ್ಟ ಏರುತ್ತದೆ. ಅಡಿಯ ತೂತು ಎಷ್ಟಿದೆ, ಪುಡಿ ನುಣ್ಣಗಿದೆಯೋ ತರಿಯೋ ನೋಡಬೇಕಿಲ್ಲ. ಮಟ್ಟ ಏರಲು ಶುರುವಾಗುವ ಹದ ಕಂಡುಹಿಡಿದರೆ ಮುಗಿಯಿತು. ಈಗ ಅದೇ ಫಿಲ್ಟರಿಗೆ ಇನ್ನೊಬ್ಬರೂ ನೀರು ಬಿಡುತ್ತಿದ್ದಾರೆ ಎಂದುಕೊಳ್ಳಿ. ಆಗ ನಿಮಗೆ ಸಿಗುವ ಹದ ಅವರದು ಕಳೆದು ಮಿಕ್ಕಿದ್ದು. ಲಭ್ಯ ಬ್ಯಾಂಡ್‌ವಿಡ್ತ್ ಅದೇ.

ಪಾತ್‌ಲೋಡ್ ನೂರು ಪ್ಯಾಕೆಟ್‌ಗಳ ಒಂದು ಸಾಲನ್ನು ಗೊತ್ತಾದ ಬಿರುಸಿನಲ್ಲಿ ಕಳಿಸುತ್ತದೆ. ಮೊದಲನೆಯದಕ್ಕಿಂತ ಹತ್ತನೆಯದು, ಹತ್ತನೆಯದಕ್ಕಿಂತ ಐವತ್ತನೆಯದು ಹೆಚ್ಚು ತಡವಾಗುತ್ತ ಹೋದರೆ ದಾರಿಯಲ್ಲಿ ಎಲ್ಲೋ ಸರತಿ ಬೆಳೆಯುತ್ತಿದೆ, ಬಿರುಸು ಹೆಚ್ಚಾಯಿತು. ತಡ ಏರದಿದ್ದರೆ ಇನ್ನೂ ಜಾಗವಿದೆ. ಹೆಚ್ಚಾದರೆ ಇಳಿಸುತ್ತ, ಕಡಿಮೆಯಾದರೆ ಏರಿಸುತ್ತ ನಡುವಿನ ಹದಕ್ಕೆ ಬರುತ್ತದೆ. ಎರಡೂ ತುದಿಯ ಗಡಿಯಾರ ಹತ್ತು ನಿಮಿಷ ಹೆಚ್ಚುಕಡಿಮೆ ಇದ್ದರೂ ಚಿಂತೆಯಿಲ್ಲ. ನೋಡುವುದು ತಡ ಎಷ್ಟು ಎಂದಲ್ಲ, ಏರುತ್ತಿದೆಯೇ ಎಂದು. ಕೊನೆಗೆ ಅದು ಕೊಡುವುದು ಒಂದಂಕಿಯನ್ನಲ್ಲ, ‘30ರಿಂದ 38’ ಎಂಬಂಥ ವ್ಯಾಪ್ತಿಯನ್ನು. ಆ ಹೊತ್ತಿನೊಳಗೇ ದಾರಿ ಏರಿಳಿದಿರುತ್ತದೆ ಎಂದು ಒಪ್ಪಿಕೊಳ್ಳುವ ಪ್ರಾಮಾಣಿಕತೆ ಅದು. ಮರುವರ್ಷ ಪಾತ್‌ಚರ್ಪ್, ಸ್ಪ್ರೂಸ್ ಮುಂತಾದವು ಬಂದವು. ಸ್ಪ್ರೂಸ್ ಶೀತದೇಶದ ಮರದ ಹೆಸರೂ ಹೌದು. ಇಲ್ಲಿ ಮಾಡಿದ್ದರೆ ಸಿಲ್ವರ್ ಓಕ್ ಎನ್ನುತ್ತಿದ್ದರೇನೋ, ಸಿಗ್ನಲ್ಲಿಗೆ ಅಡ್ಡ ನಿಲ್ಲುವ ಮರದ ಹೆಸರನ್ನೇ ಇಟ್ಟಂತಾಗುತ್ತಿತ್ತು.

ಇವುಗಳ ಮುಂದೆ ನಮ್ಮ ಫೋನಿನ ಸ್ಪೀಡ್ ಟೆಸ್ಟ್ ಒರಟು ಸಾಧನ. ಟ್ಯಾಂಕಿನಲ್ಲಿ ಎಷ್ಟಿದೆ ಎಂದು ತಿಳಿಯಲು ಎಲ್ಲ ನಲ್ಲಿಗಳನ್ನೂ ತೆರೆದುಬಿಟ್ಟಂತೆ, ಹಲವು ಸಂಪರ್ಕಗಳನ್ನು ಒಟ್ಟಿಗೆ ತೆಗೆದು ಸಿಕ್ಕಷ್ಟನ್ನೂ ಎಳೆಯುತ್ತದೆ. 50 ಎಂಬಿಪಿಎಸ್‌ನಲ್ಲಿ ಹದಿನೈದು ಸೆಕೆಂಡ್ ಎಳೆದರೆ ಸುಮಾರು 94 ಎಂಬಿ ಖರ್ಚು. ದಿನಕ್ಕೆ ಒಂದೂವರೆ ಜಿಬಿ ಪ್ಯಾಕಿನವನಿಗೆ ಹದಿನಾರನೇ ಒಂದು ಪಾಲು. ಅಷ್ಟು ಹೊತ್ತು ಮನೆಯ ಉಳಿದವರ ವಿಡಿಯೊ ತಡವರಿಸುತ್ತದೆ. ಸಾಲದ್ದಕ್ಕೆ ಅದು ಹತ್ತಿರದ ಸರ್ವರನ್ನೇ ಹುಡುಕಿಕೊಳ್ಳುತ್ತದೆ, ಎಷ್ಟೋ ಸಲ ನಿಮ್ಮ ಕಂಪನಿಯ ಒಳಗಿನದನ್ನೇ. ಕುಶಾಲನಗರದವರೆಗೆ ರಸ್ತೆ ಖಾಲಿ ಎಂದು ತಿಳಿದರೆ ಬೆಂಗಳೂರಿಗೆ ಹೊರಟವನಿಗೆ ಅರ್ಧ ಸಮಾಧಾನ ಮಾತ್ರ.

ಟವರ್ ಫುಲ್, ನೆಟ್ ನಿಲ್

ಇದುವರೆಗೆ ಹೇಳಿದ್ದು ತಂತಿಯ ಕಥೆ. ಕೊಡಗಿನ ಬಹುಪಾಲು ಮನೆಗಳಿಗೆ ನೆಟ್ ಬರುವುದು ಗಾಳಿಯಲ್ಲಿ, ಅಲ್ಲಿ ಅಳತೆ ಇನ್ನಷ್ಟು ಕಷ್ಟ. 4ಜಿ ಟವರ್ ಪ್ರತಿ ಮಿಲಿಸೆಕೆಂಡಿಗೂ ಯಾರಿಗೆ ಎಷ್ಟು ಪಾಲು ಎಂದು ಹೊಸದಾಗಿ ಹಂಚುತ್ತದೆ. ಪ್ಯಾಕೆಟ್‌ಗಳನ್ನು ಕೂಡಿಟ್ಟು ಗೊಂಚಲಾಗಿ ಬಿಡುತ್ತದೆ. ಜೋಡಿಯ ನಡುವಿನ ಅಂತರ ನೋಡುವ ಉಪಾಯ ಇಲ್ಲಿ ಮೋಸಹೋಗುತ್ತದೆ. ನೀವು ಜಗಲಿಯಿಂದ ಒಳಕೋಣೆಗೆ ಹೋದರೆ ಕೊಂಡಿಯ ಸಾಮರ್ಥ್ಯವೇ ಬದಲಾಗುತ್ತದೆ. ರಸ್ತೆಯ ಅಗಲವೇ ಹೆಜ್ಜೆ ಹೆಜ್ಜೆಗೆ ಹಿಗ್ಗಿ ಕುಗ್ಗುತ್ತಿದ್ದರೆ ಮಿಕ್ಕ ಜಾಗವನ್ನು ಹೇಗೆ ಹೇಳುವುದು?

ಫೋನಿನ ತಲೆಯ ಮೇಲಿನ ಕಡ್ಡಿಗಳನ್ನು ನಂಬಿ ಕೂರುವವರೇ ಹೆಚ್ಚು. ‘ಟವರ್ ಫುಲ್ ಉಂಟು ಮಾರಾಯ, ಆದ್ರೂ ಒಂದು ಫೋಟೊ ಹೋಗ್ಲಿಕ್ಕಿಲ್ಲ.’ ಕಡ್ಡಿ ಹೇಳುವುದು ಟವರಿನ ದನಿ ನಿಮಗೆ ಎಷ್ಟು ಜೋರಾಗಿ ಕೇಳುತ್ತಿದೆ ಎಂಬುದನ್ನು. ಆ ಟವರಿನ ಮುಂದೆ ಎಷ್ಟು ಜನ ಸಾಲು ನಿಂತಿದ್ದಾರೆ ಎಂಬುದನ್ನು ಅದು ಹೇಳದು. ಟವರಿನಿಂದ ಆಚೆಗೆ ಹೋಗುವ ದಾರಿಯನ್ನೂ ಹೇಳದು. ಗುಡ್ಡದ ಮೇಲಿನ ಎಷ್ಟೋ ಟವರುಗಳು ಇನ್ನೊಂದು ಗುಡ್ಡದ ಟವರಿಗೆ ಡಿಶ್ ಮೂಲಕ ಮಾತು ದಾಟಿಸುತ್ತವೆ. ಮಡಿಕೇರಿ ದಸರಾ ರಾತ್ರಿ ಊರು ತುಂಬ ಜನ ದಶಮಂಟಪದ ವಿಡಿಯೊ ಒಟ್ಟಿಗೆ ಕಳಿಸಲು ಹೊರಟರೆ ಕಡ್ಡಿ ಒಂದೂ ಕಡಿಮೆಯಾಗುವುದಿಲ್ಲ, ವಿಡಿಯೊ ಒಂದೂ ಹೋಗುವುದಿಲ್ಲ.

ಮಳೆಗಾಲದ್ದು ಬೇರೆಯೇ ಪಾಡು. ಇಲ್ಲಿ ಓಎಫ್‌ಸಿ ಕೇಬಲ್ ಹೋಗುವುದು ರಸ್ತೆಯ ಬದಿಯಲ್ಲೇ. ರಸ್ತೆ ಜರಿದರೆ ಅದೂ ಜರಿಯಿತು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಗುಡ್ಡಗಳು ಇಳಿದಾಗ ಸಂಪಾಜೆ ಘಾಟಿ ಮುಚ್ಚಿತು. ಮಂಗಳೂರಿಗೆ ಹೋಗುವ ಗಾಡಿಗಳು ಸುತ್ತುದಾರಿ ಹಿಡಿದವು. ಕೇಬಲ್ ಕಡಿದಾಗ ನೆಟ್ಟೂ ಹೀಗೇ ಸುತ್ತು ಬಳಸುತ್ತದೆ. ಕಡಿದ ಕಡೆಯವರ ಹೊರೆಯೆಲ್ಲ ಉಳಿದ ಒಂದು ಕೊಂಡಿಯ ಮೇಲೆ ಬೀಳುತ್ತದೆ. ನಿಮ್ಮೂರಿನಲ್ಲಿ ಎಲೆ ಅಲುಗದಿದ್ದರೂ ನಿಮ್ಮ ನೆಟ್ ಸೊರಗುತ್ತದೆ. ಕಾರಣ ಮೂವತ್ತು ಕಿಲೋಮೀಟರ್ ಆಚೆಯ ಮಣ್ಣಿನಲ್ಲಿರುತ್ತದೆ.

2021ರಲ್ಲಿ, ಕೋವಿಡ್ಡಿನ ಎರಡನೇ ಅಲೆಯ ಹೊತ್ತಿಗೆ, ಸೋಮವಾರಪೇಟೆ ತಾಲ್ಲೂಕಿನ ಮುಳ್ಳೂರಿನ ಸರ್ಕಾರಿ ಶಾಲೆಯ ಶಿಕ್ಷಕರೊಬ್ಬರು ಮರದ ಮೇಲೆ ಅಟ್ಟಣಿಗೆ ಕಟ್ಟಿ ಅಲ್ಲಿಂದ ಆನ್‌ಲೈನ್ ಪಾಠ ಮಾಡಿದ್ದು ಸುದ್ದಿಯಾಗಿತ್ತು. ನೆಲದ ಮೇಲೆ ಸಿಗದ ಸಿಗ್ನಲ್ ಕೊಂಬೆಯ ಮೇಲೆ ಸಿಗುತ್ತಿತ್ತು. ಎಲ್ಲರೂ ಅವರ ಉತ್ಸಾಹವನ್ನು ಹೊಗಳಿದೆವು. ನನಗೆ ಅದು ಅಳತೆಯ ಕಥೆಯಾಗಿಯೂ ಕಾಣುತ್ತದೆ. ಯಾವ ಮರ, ಎಷ್ಟು ಎತ್ತರ ಎಂದು ಗೊತ್ತಾಗಬೇಕಾದರೆ ಯಾರೋ ಹತ್ತಿ, ಇಳಿದು, ಮತ್ತೆ ಹತ್ತಿ ನೋಡಿರಬೇಕು. ಗುಡ್ಡದ ತುದಿಗೆ ಹೋಗಿ ಕೂತು ಪಾಠ ಕೇಳಿದ ಮಕ್ಕಳೂ ಹೀಗೇ ತಮ್ಮ ತಮ್ಮ ಜಾಗ ಕಂಡುಕೊಂಡವರು. ಆ ತಿಳಿವಳಿಕೆ ಯಾವ ಪುಸ್ತಕದಲ್ಲೂ ಬರೆಯಲಾಗದೆ ಹೋಯಿತು.

ನೆಟ್ ಇಲ್ಲದ ಹಳ್ಳಿಗೆ ನೆಟ್ ತಲುಪಿಸಲು ಕರ್ನಾಟಕದಲ್ಲಿ ಒಮ್ಮೆ ಬಸ್ಸನ್ನೇ ಬಳಸಿದ್ದರು ಎಂದರೆ ನಂಬುತ್ತೀರಾ? ಈ ಶತಮಾನದ ಮೊದಲ ವರ್ಷಗಳಲ್ಲಿ ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ, ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿದ ಭೂಮಿ ಯೋಜನೆಗಾಗಿ, ಡಾಕ್‌ನೆಟ್ ಎಂಬ ಪ್ರಯೋಗ ನಡೆಯಿತು. ಸರ್ಕಾರಿ ಬಸ್ಸಿನಲ್ಲಿ ವೈ–ಫೈ ಪೆಟ್ಟಿಗೆ. ಹಳ್ಳಿಯ ಹತ್ತಿರ ಬಸ್ ಬಂದಾಗ ಅಲ್ಲಿನ ಕಂಪ್ಯೂಟರಿನ ಅರ್ಜಿಗಳು ಬಸ್ಸಿಗೆ ಏರುತ್ತವೆ, ತಾಲ್ಲೂಕು ಕೇಂದ್ರದಿಂದ ತಂದ ಉತ್ತರಗಳು ಇಳಿಯುತ್ತವೆ. 2004ರ ಆರಂಭದಲ್ಲಿ ಪ್ರಕಟವಾದ ವರದಿಯ ಪ್ರಕಾರ ಬಸ್ ಒಮ್ಮೆ ಹಾದುಹೋಗುವಾಗ ಸಂಪರ್ಕ ಸಿಗುತ್ತಿದ್ದುದು ಸರಾಸರಿ 2 ನಿಮಿಷ 34 ಸೆಕೆಂಡ್; ಅಷ್ಟರಲ್ಲಿ ಸುಮಾರು 20 ಎಂಬಿ ದಾಟುತ್ತಿತ್ತು. ಬಸ್ ದಿನಕ್ಕೆ ಆರು ಸಲ ಹಾಯಿತು ಎಂದಿಟ್ಟುಕೊಳ್ಳಿ: 120 ಎಂಬಿ. ಇಡೀ ದಿನದ ಸೆಕೆಂಡುಗಳಿಗೆ ಹಂಚಿದರೆ ಸೆಕೆಂಡಿಗೆ 11 ಕಿಲೋಬಿಟ್. ಬಸ್ ಎದುರಿಗಿರುವ ಎರಡೂವರೆ ನಿಮಿಷದಲ್ಲಿ ಅಳೆದರೆ ಅದರ ನೂರು ಪಟ್ಟಿನ ಹತ್ತಿರ ಬರುತ್ತದೆ. ಎರಡೂ ಸರಿಯಾದ ಅಳತೆಯೇ. ಆದರೆ ಯಾವ ಅಂಕಿ ಕೊಟ್ಟರೂ ಅರ್ಜಿ ಹಾಕಿದ ರೈತ ಮುಂದಿನ ಬಸ್ಸಿಗೆ ಕಾಯಬೇಕು ಎಂಬುದು ಅದರಲ್ಲಿ ಕಾಣುವುದಿಲ್ಲ. ಅದಕ್ಕೇ ಅಗಲದ ಜೊತೆ ತಡವನ್ನೂ ಬರೆಯಬೇಕು ಎನ್ನುವುದು.

ಪಿಂಗ್ ಬೇಕಾಗುತ್ತದೆ ಎಂದಿದ್ದು ಇಲ್ಲಿಗೇ. ಮಡಿಕೇರಿಯಿಂದ ಬೆಂಗಳೂರಿಗೆ ಹೆಚ್ಚುಕಡಿಮೆ 260 ಕಿಲೋಮೀಟರ್. ಬೆಳಕು ಗಾಜಿನಲ್ಲಿ ಹೋಗಿ ಬರಲು ಮೂರು ಮಿಲಿಸೆಕೆಂಡ್ ಸಾಕು. ನಿಮ್ಮ ಪಿಂಗ್ ಅದರ ಎಷ್ಟೋ ಪಟ್ಟು ತೋರಿಸಿದರೆ ಹೆಚ್ಚಿನದೆಲ್ಲ ಸುತ್ತುದಾರಿ ಮತ್ತು ಸರತಿ. ಒಂದು ಪರೀಕ್ಷೆ ಮಾಡಿ ನೋಡಿ. ಯಾರೂ ನೆಟ್ ಬಳಸದಾಗ ಪಿಂಗ್ ನೋಡಿ. ಆಮೇಲೆ ದೊಡ್ಡದೊಂದು ವಿಡಿಯೊ ಮೇಲಕ್ಕೆ ಕಳಿಸುತ್ತ ಮತ್ತೆ ನೋಡಿ. ಹತ್ತಾರು ಮಿಲಿಸೆಕೆಂಡ್ ಇದ್ದದ್ದು ನೂರಾರಕ್ಕೆ ಹಾರಿದರೆ, ನಿಮ್ಮ ರೌಟರೋ ಟವರೋ ಪ್ಯಾಕೆಟ್‌ಗಳನ್ನು ಬಿಡದೆ ತನ್ನ ಹೊಟ್ಟೆಯಲ್ಲಿ ಗುಡ್ಡೆ ಹಾಕಿಕೊಳ್ಳುತ್ತಿದೆ. ಫಿಲ್ಟರಿನ ಮಟ್ಟ ಏರುವುದು ಕಣ್ಣಿಗೆ ಕಂಡಂತೆ. ಸ್ಪೀಡ್ ಟೆಸ್ಟಿನಲ್ಲಿ ಚೆನ್ನಾಗಿದ್ದೂ ಮಾತು ತುಂಡಾಗುವ ಮನೆಗಳಲ್ಲಿ ಬಹಳ ಸಲ ಇದೇ ರೋಗ. 2016ರಲ್ಲಿ ಗೂಗಲ್ ಹೊರತಂದ ಬಿಬಿಆರ್ ವಿಧಾನ ಈ ಗುಡ್ಡೆಯನ್ನು ಬೆಳೆಯಗೊಡದೆ ಹದದಲ್ಲೇ ನಿಲ್ಲಲು ನೋಡುತ್ತದೆ. ಅದನ್ನು ಬರೆದವರ ಸಾಲಿನಲ್ಲಿ ಮತ್ತೆ ಅದೇ ವ್ಯಾನ್ ಜೇಕಬ್ಸನ್ ಹೆಸರಿದೆ.

ಸರ್ಕಾರದ ಲೆಕ್ಕ ಇನ್ನೂ ಮೊದಲ ಮೆಟ್ಟಿಲಿನಲ್ಲಿದೆ. 2004ರಲ್ಲಿ 256 ಕೆಬಿಪಿಎಸ್ ಇದ್ದರೆ ಬ್ರಾಡ್‌ಬ್ಯಾಂಡ್ ಎಂದರು, 2013ರಲ್ಲಿ 512 ಎಂದರು, 2023ರ ಜನವರಿಯಲ್ಲಿ ಕನಿಷ್ಠ 2 ಎಂಬಿಪಿಎಸ್ ಎಂದರು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ 2024ರ ನಿಯಮಗಳ ಪ್ರಕಾರ ಮೊಬೈಲ್ ಕಂಪನಿಗಳು ತಮ್ಮ ವ್ಯಾಪ್ತಿಯ ನಕ್ಷೆಯನ್ನು ಪ್ರಕಟಿಸಬೇಕು. ಒಳ್ಳೆಯದೇ. ಆದರೆ ನಕ್ಷೆಯಲ್ಲಿ ಬಣ್ಣ ತುಂಬಿದ ಜಾಗದಲ್ಲಿ ಕಡ್ಡಿ ಬರುತ್ತದೆ ಎಂದಷ್ಟೇ ಅರ್ಥ. ಮಳೆ ಬೀಳುವ ಊರುಗಳ ನಕ್ಷೆ ಕೊಟ್ಟು ಇಂಚು ಹೇಳದಿದ್ದಂತೆ. ರಾತ್ರಿ ಎಂಟಕ್ಕೆ, ಜಡಿಮಳೆಯಲ್ಲಿ, ಕರೆಂಟು ಹೋಗಿ ಎರಡು ಗಂಟೆಯಾದ ಮೇಲೆ ಎಷ್ಟು ಮಿಕ್ಕಿರುತ್ತದೆ ಎಂಬುದನ್ನು ಹೇಳುವ ಪುಸ್ತಕ ಯಾರ ಬಳಿಯೂ ಇಲ್ಲ.

ನಾವೇ ಬರೆಯಬಹುದು. ಅಪ್ಪನ ಮಳೆ ಪುಸ್ತಕದಲ್ಲಿ ಬಲಗಡೆ ಖಾಲಿ ಅಂಚಿದೆ. ಅಲ್ಲಿ ನಾನು ಗೀಟು ಹಾಕಿ ಹೊಸ ಕಾಲಂ ಮಾಡಿಕೊಂಡಿದ್ದೇನೆ. ಬೆಳಿಗ್ಗೆ ಎಂಟೂವರೆಗೆ ಮಳೆ ಅಳೆದ ಮೇಲೆ ಒಮ್ಮೆ, ರಾತ್ರಿ ಎಂಟೂವರೆಗೆ ಒಮ್ಮೆ. ಜಗಲಿಯ ಅದೇ ಕಂಬದ ಹತ್ತಿರ, ಅದೇ ಫೋನಿನಲ್ಲಿ, ಟ್ರಾಯ್‌ನ ಮೈಸ್ಪೀಡ್ ಆ್ಯಪಿನಲ್ಲಿ ಇಳಿಯುವುದು, ಏರುವುದು, ತಡ. ಒಂದು ತಿಂಗಳಾದ ಮೇಲೆ ಹುಡುಗನಿಗೆ ಪುಸ್ತಕ ತೋರಿಸಿದೆ. ಈ ಸಲ ಅವನು ಸ್ಪೀಡ್ ಟೆಸ್ಟ್ ಹಾಕಲಿಲ್ಲ. ಪುಟದ ಫೋಟೊ ತೆಗೆದುಕೊಂಡು, ‘ಮೇಲೆ ಕಳಿಸ್ತೇನೆ ಸಾರ್, ಸಂಜೆ ಲೋಡ್ ಜಾಸ್ತಿ ಆಗ್ತಾ ಉಂಟು’ ಎಂದ. ಸರಿಹೋಗಿದೆಯೇ ಎಂದು ಕೇಳಿದರೆ ಪೂರ್ತಿ ಇಲ್ಲ. ಜಗಳ ಮಾತ್ರ ‘ಉಂಟು–ಇಲ್ಲ’ದಿಂದ ಅಂಕಿಗೆ ಬಂದಿದೆ.

ಕೊಡಗಿನ ತೋಟಗಳಲ್ಲಿ ಮಳೆ ಬರೆಯುವವರು ಬೇಕಾದಷ್ಟು ಜನರಿದ್ದೀರಿ. ಈ ಮುಂಗಾರಿನಲ್ಲಿ ಅದೇ ಪುಸ್ತಕದಲ್ಲಿ ಇನ್ನೊಂದು ಗೀಟು ಹಾಕಿ. ಒಂದು ಊರಿನ ಹತ್ತು ಮನೆಯ ಮೂರು ತಿಂಗಳ ಪುಟಗಳನ್ನು ಸೇರಿಸಿ ಗ್ರಾಮಸಭೆಗೆ ಒಯ್ಯಿರಿ. ಕಾಲಂ ಹಾಕುವಾಗ ಕೊನೆಯಲ್ಲಿ ಒಂದಿಷ್ಟು ಜಾಗ ಬಿಡಿ: ಆ ಹೊತ್ತಿಗೆ ಕರೆಂಟು ಇತ್ತೋ ಇಲ್ಲವೋ ಎಂದು ಬರೆಯಲು.